ಬೇರೆ ರಕ್ತ

"ಅವನ ರಕ್ತವೇ ಬೇರೆ" ಎನ್ನುವುದು ನಮ್ಮ ದೊಡ್ಡಪ್ಪನಿಗೆ ಬಾಯಿಪಾಠ. ಅಪ್ಪ ಅವರ ಮಲತಾಯಿಯ ಮಗ. ಮದುವೆಯ ಫೋಟೊದಿಂದ ಹಿಡಿದು ಮನೆಯ ಪಾಲಿನವರೆಗೆ ಆ ಒಂದೇ ಮಾತಿನಿಂದ ಅಪ್ಪನನ್ನು ಪಕ್ಕಕ್ಕೆ ಸರಿಸಿದವರು ದೊಡ್ಡಪ್ಪ. ದವಡೆಹಲ್ಲು ಕೀಳಿಸಲು ಕರೆದುಕೊಂಡು ಹೋಗುವುದಕ್ಕೆ ಮಾತ್ರ ಅಪ್ಪನೇ ಬೇಕಾಯಿತು. ಜೊತೆಗೆ ನಾನೂ ಹೋದೆ.

ಹಲ್ಲಿನ ಡಾಕ್ಟರಮ್ಮ ವಿವರಿಸಿದರು. "ತೋಳಿಂದ ಸ್ವಲ್ಪ ರಕ್ತ ತೆಗೆದು ಈ ಯಂತ್ರದಲ್ಲಿ ಗಿರಗಿರ ತಿರುಗಿಸ್ತೀವಿ. ಹಳದಿ ಬಣ್ಣದ ಮೆತ್ತನೆ ಹೆಪ್ಪು ಸಿಗುತ್ತೆ. ಹಲ್ಲು ಕಿತ್ತ ಗುಳಿಯಲ್ಲಿ ಅದನ್ನಿಟ್ಟು ಹೊಲಿಗೆ ಹಾಕಿದ್ರೆ ಗಾಯ ಚೆನ್ನಾಗಿ ಮಾಯುತ್ತೆ."

ಸೂಜಿ ಕಂಡದ್ದೇ ತಡ, ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಅಪ್ಪನ ತೋಳು ಹಿಡಿದು ಮುಂದಕ್ಕೆ ತಳ್ಳಿದರು.

"ಇವನದ್ದು ತಗೊಳ್ಳಿ ಡಾಕ್ಟ್ರೇ. ನನ್ನ ಒಡಹುಟ್ಟಿದ ತಮ್ಮ. ಇಬ್ಬರದ್ದೂ ಒಂದೇ ರಕ್ತ!"

ಐವತ್ತು ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದದ್ದೇ, ಅಪ್ಪ ಅಂಗಿಯ ತೋಳು ಮಡಚಲು ಶುರು ಮಾಡಿಯೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರಮ್ಮ ನಕ್ಕರು. "ಆಗಲ್ಲ, ನಿಮ್ಮದೇ ಆಗ್ಬೇಕು. ತಮ್ಮ ಆದ್ರೂ ಅವರ ರಕ್ತ ಬೇರೆ."

ಅಪ್ಪ ತೋಳು ಇಳಿಸಿ ಗುಂಡಿ ಹಾಕಿಕೊಂಡರು. "ನಾನು ಹುಟ್ಟಿದಾಗಿಂದ ಅಣ್ಣ ಅದನ್ನೇ ಹೇಳ್ತಿದ್ದಾರೆ, ಡಾಕ್ಟ್ರೇ."