ಅಣ್ಣನ ಪಾಲಿನ ಮೀನು

ಸಿಲ್ವೀನೋ ಫುರ್ತಾದೋ ತೀರಿಕೊಂಡ ಸುದ್ದಿ ಎರಡು ಕೊಲ್ಲಿಗಳನ್ನು ಸೇರಿಸುವ ಕೇಪ್ ಕಾಡ್ ಕಾಲುವೆಯ ದಂಡೆಗೆ ಬಂದಾಗ ಅವನ ತಮ್ಮ ಅಮಾನ್ಸಿಯೋನ ಗಾಳಕ್ಕೆ ಮೀನು ಬಿದ್ದಿತ್ತು. ಕೋಲು ಬಿಲ್ಲಾಗಿ ಬಾಗಿತ್ತು. ರೀಲು ಕಿರುಗುಟ್ಟುತ್ತ ನೂಲು ಬಿಡುತ್ತಿತ್ತು. ಜುಲೈ ತಿಂಗಳು, ಸೂರ್ಯ ರೈಲು ಸೇತುವೆಯ ಮೇಲಕ್ಕೆ ಬರುವ ಮೊದಲೇ ದಂಡೆಯ ಬಂಡೆಗಳು ಬೆಚ್ಚಗಾಗಿದ್ದವು. ನೀರು ಕಾದು, ಪಟ್ಟೆಮೀನುಗಳು ಆಳಕ್ಕಿಳಿದು ಎಷ್ಟೋ ದಿನದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತು ಕಡಲ ಸೆಳೆತ ತಿರುಗಿ ಕೊಲ್ಲಿಯ ತಣ್ಣೀರು ಒಳಗೆ ನುಗ್ಗಿದ್ದೇ ತಡ, ಬಂಗುಡೆಯ ಹಿಂಡನ್ನು ಅಟ್ಟಿಕೊಂಡು ಅವು ಮೇಲೆದ್ದಿದ್ದವು. ಕಾಲುವೆಯ ನಡುವೆ ನೀರು ಕುದಿಯುತ್ತಿರುವಂತೆ ಕಾಣುತ್ತಿತ್ತು.

ಸುದ್ದಿ ತಂದವಳು ಸಿಲ್ವೀನೋನ ಮಗಳು ದಿಯೋಲಿಂಡಾ. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಕಾರಿನ ಬಾಗಿಲನ್ನೂ ಹಾಕದೆ ಬಂಡೆಗಳತ್ತ ಓಡಿದವಳನ್ನು ಲೂಸಿಯನ್ ಅರ್ಧದಾರಿಯಲ್ಲೇ ತಡೆದ. ಅಮಾನ್ಸಿಯೋನ ಪಕ್ಕದ ಬಂಡೆ ಅವನದು. ಇಬ್ಬರೂ ಅಲ್ಲೇ ನಿಂತು ಮುದುಕರಾದವರು. ಅವಳು ಹೇಳಿದ್ದನ್ನು ಕೇಳಿ ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಚಿಕ್ಕಪ್ಪಂಗೆ ಹೇಳ್ಬೇಕು," ಅಂದಳು.

"ಈಗ ಬೇಡ ಮಗಳೇ. ಮೀನು ಕೈಗೆ ಬರಲಿ. ಯಾರಿಗೋಸ್ಕರ ಹಿಡೀತಿದಾನೆ ಅಂತ ನಿನಗೆ ಗೊತ್ತಲ್ಲ."

ಗೊತ್ತಿತ್ತು. ಹಿಂದಿನ ಸಂಜೆ ಅವಳೂ ಮಂಚದ ಬಳಿ ಇದ್ದಳು. ಏನನ್ನೂ ಬಾಯಿಗೆ ಹಾಕಿಕೊಳ್ಳದಿದ್ದ ಅಪ್ಪ ಇದ್ದಕ್ಕಿದ್ದಂತೆ ಮೀನಿನ ಸಾರು ಕೇಳಿದ್ದ. "ಕೇಸರಿ ಹಾಕ್ಸು, ಆಲೂಗಡ್ಡೆ ಹಾಕ್ಸು. ತಲೆ ಮಾತ್ರ ನಂದು, ಮುಟ್ಟಬೇಡಿ," ಎಂದು ತಮ್ಮನಿಗೆ ಹೇಳಿದ್ದ. "ನನ್ನ ಕೋಲೇ ತಗೊಂಡು ಹೋಗೋ. ನಿನ್ನ ಕೋಲು ನೋಡಿದ್ರೆ ಮೀನುಗಳು ನಗ್ತವೆ."

ಮೀನು ಸೆಳೆತದ ಜೊತೆ ಓಡತೊಡಗಿತು. ಅಂಥ ಹೊತ್ತಿನಲ್ಲಿ ಹಿಡಿದವನು ದಂಡೆಯುದ್ದಕ್ಕೂ ಅದರ ಹಿಂದೆಯೇ ಹೋಗಬೇಕು. ಉಳಿದವರು ತಮ್ಮ ನೂಲು ಸುತ್ತಿಕೊಂಡು ಅವನಿಗೆ ದಾರಿ ಬಿಡಬೇಕು. ಕಾಲುವೆಯಲ್ಲಿ ಬರೆಯದೆ ನಡೆದು ಬಂದ ಕಟ್ಟಳೆ ಇದು. ಲೂಸಿಯನ್ ಮುಂದೆ ಓಡಿ, "ದಾರಿ ಬಿಡಿ, ದಾರಿ," ಎಂದು ಕೂಗಿದ. ಮೊದಲು ಸಿಕ್ಕವನ ಕಿವಿಯಲ್ಲಿ ಇನ್ನೇನನ್ನೋ ಹೇಳಿದ. ಅವನು ತನ್ನ ಪಕ್ಕದವನಿಗೆ ಹೇಳಿದ.

ಅಮಾನ್ಸಿಯೋನಿಗೆ ನೋಯುವ ಮಂಡಿಯ ನೆನಪೇ ಇರಲಿಲ್ಲ. ಬಂಡೆಯಿಂದ ಬಂಡೆಗೆ ದಾಟುತ್ತ, ಕೋಲನ್ನು ಹೊಟ್ಟೆಗೆ ಆನಿಸಿಕೊಂಡು ಓಡುತ್ತಿದ್ದ. "ಲೂಸಿಯನ್, ಆಸ್ಪತ್ರೆಗೆ ಫೋನ್ ಮಾಡೋ. ಇವತ್ತು ಅಲ್ಲಿನ ಗಂಜಿ ಕುಡೀಬೇಡ ಅಂತ ಹೇಳು ಅಣ್ಣಂಗೆ."

"ಮೊದ್ಲು ಹಿಡಿಯೋ ಮುದುಕಾ. ಜಾರಿ ಬಿದ್ದೆ ಅಂದ್ರೆ ಸಾರಿಗೆ ನಿನ್ನ ತಲೇನೇ ಹಾಕ್ಬೇಕಾಗತ್ತೆ." ಲೂಸಿಯನ್ನನ ದನಿ ಒಡೆದಿತ್ತು. ಅಮಾನ್ಸಿಯೋ ಅದನ್ನು ಗಮನಿಸಲಿಲ್ಲ.

ಮೀನು ನಿಂತಿತು. ತಲೆ ಕೊಡವಿತು. ಮತ್ತೆ ಓಡಿತು. ಮುಂದೆ ಒಬ್ಬೊಬ್ಬರೂ ನೂಲು ಸುತ್ತಿಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ಇಷ್ಟು ದೊಡ್ಡ ಮೀನು ಬಿದ್ದರೆ ದಂಡೆಯೆಲ್ಲ ಗಲಾಟೆ ಎದ್ದು, ಕಂಡವರೆಲ್ಲ ಬುದ್ಧಿ ಹೇಳುವುದು ವಾಡಿಕೆ. ಇವತ್ತು ಯಾರೂ ತುಟಿ ಬಿಚ್ಚಲಿಲ್ಲ. ಅವನು ಹತ್ತಿರ ಬಂದಂತೆ ಟೋಪಿ ತೆಗೆದು ನಿಲ್ಲುತ್ತಿದ್ದರು.

"ಏನ್ರೋ ಇದು, ನಾನೇನು ಬಿಷಪ್ಪಾ?" ಎಂದು ಅಮಾನ್ಸಿಯೋ ಏದುಸಿರಿನಲ್ಲೇ ನಕ್ಕ.

ಕೊನೆಗೆ ಮೀನು ದಡದ ಕಡೆ ಹೊರಳಿತು. ಲೂಸಿಯನ್ ಪಾಚಿಗಟ್ಟಿದ ಕಲ್ಲುಗಳ ಮೇಲೆ ಇಳಿದು ಅದರ ಕೆಳದವಡೆ ಹಿಡಿದ. ಹಸಿರು ಬೆನ್ನು, ಬೆಳ್ಳಿಯ ಪಕ್ಕೆ, ಪಕ್ಕೆಯುದ್ದಕ್ಕೂ ಎಳೆದಂತೆ ಕಪ್ಪು ಗೆರೆಗಳು. ಸಿಲ್ವೀನೋ ತನ್ನ ಕೋಲಿಗೆ ಎರಡು ಕಡೆ ನೀಲಿ ದಾರ ಸುತ್ತಿದ್ದ. ಮೂತಿಯನ್ನು ಕೋಲಿನ ಬುಡಕ್ಕೆ ಹಿಡಿದಾಗ ಬಾಲದ ತುದಿ ಆ ಎರಡರ ನಡುವೆ ಬಂದರೆ ಮೀನು ಮನೆಗೆ. ಎರಡನೆಯದನ್ನು ದಾಟಿದರೆ, ಮೊಟ್ಟೆಯಿಡುವ ದೊಡ್ಡ ಮೀನೆಂದು, ಕಾನೂನಿನ ಪ್ರಕಾರ ಮತ್ತೆ ನೀರಿಗೆ. ಅಮಾನ್ಸಿಯೋ ಮೀನನ್ನು ನೀರಿನಲ್ಲೇ ಇಟ್ಟು ಕೋಲನ್ನು ಪಕ್ಕಕ್ಕೆ ಹಿಡಿದ. ಬಾಲ ಎರಡನೆಯ ದಾರವನ್ನು ಒಂದು ಗೇಣು ದಾಟಿತ್ತು.

ಅವನ ಮುಖ ಸಪ್ಪಗಾಯಿತು. "ಛೆ. ಅಣ್ಣಂಗೆ ಏನು ಹೇಳ್ಲಿ?"

"ತಗೊಂಡು ಹೋಗು," ಅಂದ ಲೂಸಿಯನ್, ಸೇತುವೆಯ ಕಡೆ ನೋಡುತ್ತ. "ಇವತ್ತು ಈ ದಂಡೇಲಿ ಯಾರೂ ಏನೂ ನೋಡಿಲ್ಲ."

ಅಮಾನ್ಸಿಯೋ ತಲೆಯೆತ್ತಿದ. ಬೆರಳಗಲ ಹೆಚ್ಚಿದ್ದ ಮೀನು ಒಯ್ದವನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮನುಷ್ಯ ಈ ಲೂಸಿಯನ್. ಅವನ ಬೋಳು ತಲೆಯನ್ನು ನೋಡಿದ. ದಂಡೆಯ ಮೇಲೆ ಸಾಲಾಗಿ ನಿಂತಿದ್ದ ಬರಿದಲೆಗಳನ್ನು ನೋಡಿದ. ಅವರ ನಡುವೆ ದಿಯೋಲಿಂಡಾ ಇದ್ದಳು. ಅವಳ ಕೈಯಲ್ಲಿ ಸಿಲ್ವೀನೋನ ಕನ್ನಡಕವಿತ್ತು.

"ಯಾವಾಗ?" ಎಂದು ಕೇಳಿದ.

"ಬೆಳಗಾಗೋ ಹೊತ್ತಿಗೆ, ಚಿಕ್ಕಪ್ಪಾ. ನಿದ್ದೇಲೇ."

ಅವನು ಕೋಲನ್ನು ಲೂಸಿಯನ್ನನಿಗೆ ಕೊಟ್ಟ. ಗಾಳ ಬಿಡಿಸಿದ. ಅಷ್ಟು ಹೊತ್ತು ಹೋರಾಡಿದ ಮೀನು ಅಂಚಿನ ಬೆಚ್ಚನೆ ನೀರಿನಲ್ಲಿ ಹೊಟ್ಟೆ ಮೇಲಾಗಿ ಹೊರಳುತ್ತಿತ್ತು. ಬೇಸಿಗೆಯಲ್ಲಿ ಹಾಗೇ ಬಿಟ್ಟರೆ ಅದು ಕಲ್ಲಿನಂತೆ ಮುಳುಗಿಹೋಗುತ್ತದೆ. ಬಾಯೊಳಗೆ ಹೆಬ್ಬೆರಳಿಟ್ಟು, ಸೆಳೆತಕ್ಕೆ ಮುಖಮಾಡಿ ಹಿಡಿದು, ಅದು ಬೆರಳನ್ನು ಕಚ್ಚುವ ತನಕ ಕಾಯಬೇಕು. ಅಮಾನ್ಸಿಯೋ ತಣ್ಣೀರು ಹರಿಯುವಲ್ಲಿಗೆ, ಸೊಂಟದಾಳಕ್ಕೆ ಇಳಿದ. ದಿಯೋಲಿಂಡಾ ಹಿಂದೆಯೇ ಇಳಿದು ಅವನ ಬೆಲ್ಟು ಹಿಡಿದುಕೊಂಡಳು.

"ಉಸಿರಾಡು," ಅಂದ ಅವನು. "ಉಸಿರಾಡೋ ಮಗನೇ. ನೀನಾದ್ರೂ ಉಸಿರಾಡು."

ಕಿವಿರು ಅಲುಗಲಿಲ್ಲ. ಅವನು ಮೀನನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ದಂಡೆಯ ಮೇಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ ತೆರೆಯಿತು.

"ಕಚ್ತಾ ಇದೆ," ಅಂದ ಅಮಾನ್ಸಿಯೋ. ಅವನ ದನಿ ಹುಡುಗನ ದನಿಯಂತಿತ್ತು. "ಮಗಳೇ, ಕಚ್ತಾ ಇದೆ ಕಣೆ."

ಉಪ್ಪುಕಾಗದದಂಥ ಹಲ್ಲು ಹೆಬ್ಬೆರಳನ್ನು ತರಚಿತು. ಅವನು ಕೈ ಬಿಚ್ಚಿದ. ಬಾಲ ಒಮ್ಮೆ ಬಡಿದು, ಇಬ್ಬರ ಮುಖಕ್ಕೂ ನೀರು ರಾಚಿ, ಮೀನು ಆಳದ ಹಸಿರಿಗೆ ಹೋಯಿತು. ಕಾಲುವೆಯ ನಡುವೆ ಬಂಗುಡೆಗಳು ಇನ್ನೂ ಹಾರುತ್ತಿದ್ದವು. ಯಾರೂ ಗಾಳ ಎಸೆಯಲಿಲ್ಲ.

ಅಮಾನ್ಸಿಯೋ ನೀರಿನಲ್ಲಿ ನಿಂತೇ ಆ ತರಚಿದ ಬೆರಳಿನಿಂದ ಹಣೆಗೂ ಎದೆಗೂ ಭುಜಗಳಿಗೂ ಶಿಲುಬೆಯ ಗುರುತು ಹಾಕಿಕೊಂಡ.

"ಪ್ರಭುವೇ, ನನ್ನ ಅಣ್ಣ ಸಿಲ್ವೀನೋ ನಿನ್ನ ಹತ್ರ ಬರ್ತಿದಾನೆ. ಹಸ್ಕೊಂಡು ಬರ್ತಿದಾನೆ. ಅವನಿಗೆ ನಿನ್ನ ಪಂಕ್ತೀಲಿ ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು."