ಎರಡು ಕ್ಲಚ್ಚಿನ ಲಾರಿ

ನಾನು ಒಂದು ಲಾರಿ. ಹುಟ್ಟಿದಾಗ ನನಗೆ ಬಾಗಿಲೂ ಇರಲಿಲ್ಲ, ಮಾಡೂ ಇರಲಿಲ್ಲ. ಒಂದು ಎಂಜಿನ್, ಆರು ಗಾಲಿ, ಎರಡು ಉದ್ದನೆಯ ಕಬ್ಬಿಣದ ತೊಲೆ, ಚಾಲಕ ಕೂರಲು ಹಗ್ಗದಿಂದ ಬಿಗಿದ ಒಂದು ಹಲಗೆ, ಇಷ್ಟೇ ನನ್ನ ಮೈ. ಕಾರ್ಖಾನೆಯವರು ಕಳಿಸಿದ ಚಾಲಕ ತಲೆಗೆ ಟವೆಲು ಸುತ್ತಿಕೊಂಡು ಮೂರು ದಿನ ಸುಡುಬಿಸಿಲಿನಲ್ಲಿ ನನ್ನನ್ನು ಗಂಗಾವತಿಗೆ ಓಡಿಸಿ ತಂದ. ದಾರಿಯುದ್ದಕ್ಕೂ ಮೈತುಂಬ ಬಣ್ಣ ಬಳಿದುಕೊಂಡ ಲಾರಿಗಳು ನನ್ನನ್ನು ಕಂಡು ಹಾರ್ನ್ ಹೊಡೆದವು. ಬರಿಮೈಯಲ್ಲಿ ಹೊರಟ ನನಗೆ ನಾಚಿಕೆಯೋ ನಾಚಿಕೆ.

ಗಂಗಾವತಿಯ ಶೆಡ್ಡಿನಲ್ಲಿ ಬಡಗಿಗಳು ಇಪ್ಪತ್ತು ದಿನ ಬಡಿದು ಕೆತ್ತಿ ನನಗೆ ಮೈ ಮುಚ್ಚಿದರು. ಪೇಂಟರ್ ಹಿಂಬದಿಯಲ್ಲಿ ಎರಡು ಗಿಳಿ ಬರೆದ. ಒಂದು ಗಿಳಿಯಂತೆಯೇ ಇತ್ತು. ಇನ್ನೊಂದನ್ನು ಊಟದ ಹೊತ್ತು ಮೀರಿದ ಮೇಲೆ ಬರೆದಿರಬೇಕು, ಕಾಗೆಯಂತೆ ಬಂದಿತ್ತು. ಯಾರು ಏನೇ ಅನ್ನಲಿ, ನನ್ನಷ್ಟು ಚೆಂದದ ಲಾರಿ ಆ ಸಾಲಿನಲ್ಲಿ ಇರಲಿಲ್ಲ.

ನನ್ನ ಮೊದಲ ಮಾಲೀಕ ಪಂಪಣ್ಣ. ಅವನಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ, ತೊಳೆಯಲು ಬರುತ್ತಿತ್ತು. ಓಡಿಸುತ್ತಿದ್ದವನು ದಾದಾಪೀರ್. ಅವನ ಪಕ್ಕದಲ್ಲಿ ಕ್ಲೀನರ್ ಆಗಿ ನಾಲ್ಕು ವರ್ಷ ಕುಳಿತವನು ಯಮನೂರಪ್ಪ. ನಾವು ಮೂವರೂ ಸೇರಿ ಎಷ್ಟು ಸಾವಿರ ಚೀಲ ಅಕ್ಕಿ ಸಾಗಿಸಿದೆವೋ ಲೆಕ್ಕವಿಲ್ಲ. ನನ್ನ ಕ್ಲಚ್ಚು ಹುಟ್ಟಾ ಹಠಮಾರಿ. ದಾದಾಪೀರ್ ಅದನ್ನು ಮೊದಲು ಅರ್ಧ ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಪೂರಾ ಒತ್ತುತ್ತಿದ್ದ. ಅವನ ಕಾಲಿಗೆ ನಾನು ಒಂದು ಸಣ್ಣ ಕೆಮ್ಮು ಕೆಮ್ಮಿ ಮಾತು ಕೇಳುತ್ತಿದ್ದೆ. ಬೇರೆಯವರ ಕಾಲಿಗೆ ಅಷ್ಟು ಸಲಿಗೆ ಕೊಟ್ಟವನಲ್ಲ ನಾನು.

ಪಂಪಣ್ಣ ಮುದುಕನಾದ ಮೇಲೆ ನನ್ನನ್ನು ಅದಿರು ಸಾಗಿಸುವ ಕಂತ್ರಾಟುದಾರನಿಗೆ ಮಾರಿದ. ಅಲ್ಲಿ ಕಳೆದ ಎರಡು ವರ್ಷದ ಮಾತು ಬೇಡ. ಕೆಂಪು ಧೂಳಿನಲ್ಲಿ ನನ್ನ ಗಿಳಿಗಳೂ ಕೆಂಪಾದವು. ಒಂದು ದಿನ ದಾದಾಪೀರ್ ಬಂದು ನನ್ನ ಬಾನೆಟ್ ಮೇಲೆ ಕೈಯಾಡಿಸಿ, "ಏನೋ ಮಗನ, ಹಿಂಗಾಗಿಯಲ್ಲ" ಎಂದ. ಆ ವಾರವೇ ನಾನು ಅವನವನಾದೆ.

ಅವನು ಕಾಲುವೆಯ ಪಕ್ಕದ ಬಯಲಿನಲ್ಲಿ ಲಾರಿ ಕಲಿಸುವ ಶಾಲೆ ತೆರೆದಿದ್ದ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಕಲಿಸುವ ಗಾಡಿಗೆ ಎಡಗಡೆಯೂ ಕ್ಲಚ್ಚು, ಬ್ರೇಕು ಇರಬೇಕಲ್ಲ, ನನಗೂ ಹಾಕಿಸಿದ. ಎರಡು ಕ್ಲಚ್ಚುಗಳನ್ನೂ ಒಂದು ಕಬ್ಬಿಣದ ಸರಳು ಜೋಡಿಸಿತ್ತು. ಎಡಗಡೆಯದನ್ನು ಒತ್ತಿದರೆ ಬಲಗಡೆಯದೂ ತಾನಾಗಿ ಕೆಳಗಿಳಿಯುತ್ತಿತ್ತು. ಉಸ್ತಾದನ ಕಾಲು ಸದಾ ಎಡ ಕ್ಲಚ್ಚಿನ ಮೇಲೆಯೇ. ಹುಡುಗರು ಗೇರು ಬದಲಿಸುವ ಮೊದಲೇ ಆ ಕಾಲು ತನ್ನ ಕೆಲಸ ಮುಗಿಸಿರುತ್ತಿತ್ತು. ಅವರು ತಾವೇ ಒತ್ತಿದೆವೆಂದು ಮೀಸೆ ತಿರುವುತ್ತಿದ್ದರು. ಅವನದು ಮೋಸವಲ್ಲ. ನನ್ನ ಕ್ಲಚ್ ಪ್ಲೇಟು ಸುಟ್ಟೀತೆಂಬ ಕಕ್ಕುಲಾತಿ, ಇಪ್ಪತ್ತು ವರ್ಷದ ಅಭ್ಯಾಸ. ತಾನು ಒತ್ತುತ್ತಿರುವುದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ, ನನಗೆ ಬಾಯಿಲ್ಲ.

ಒಂದು ವರ್ಷ ನವರಾತ್ರಿಗೆ ಮೊದಲು ಯಮನೂರಪ್ಪ ಹೆಂಡತಿಯ ಕೈ ಹಿಡಿದುಕೊಂಡು ಬಯಲಿಗೆ ಬಂದ. ನನ್ನ ಹಳೆಯ ಕ್ಲೀನರ್ ಈಗ ಸ್ವಂತ ಲಾರಿಯ ಮಾಲೀಕ. ಆದರೆ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತ್ತು. ಎದುರಿಗಿದ್ದದ್ದು ಲಾರಿಯೋ ಗೋಡೆಯೋ ತಿಳಿಯುತ್ತಿರಲಿಲ್ಲ. ಡಾಕ್ಟರು ಸಹಿ ಹಾಕಲಿಲ್ಲ, ಲೈಸೆನ್ಸ್ ಹೋಯಿತು. ಕೂಲಿಗೆ ಬಂದ ಇಬ್ಬರು ಡ್ರೈವರುಗಳು ತಿಂಗಳೂ ನಿಲ್ಲಲಿಲ್ಲ. ಲಾರಿ ಮನೆಯ ಮುಂದೆ ನಿಂತೇ ಇತ್ತು. ಕೊಳ್ಳಲೆಂದು ಸಿಂಧನೂರಿನವನೊಬ್ಬ ನೋಡಿ ಹೋಗಿದ್ದ, ದೀಪಾವಳಿ ಕಳೆದ ಮೇಲೆ ಒಯ್ಯಲು ಬರುವವನಿದ್ದ. ಅಷ್ಟರೊಳಗೆ ಡ್ರೈವರ್ ಸಿಕ್ಕರೆ ಸುಗ್ಗಿಯ ಲೋಡು ನಿಮಗೇ ಎಂದು ಅಕ್ಕಿ ಮಿಲ್ಲಿನ ಸಾಹುಕಾರರು ಮಾತು ಕೊಟ್ಟಿದ್ದರು.

"ಡ್ರೈವರ್ ನಾನ ಆಗ್ತೀನಿ" ಎಂದಳು ಅವನ ಹೆಂಡತಿ ಹುಲಿಗೆಮ್ಮ.

ಅವಳು ಸಣ್ಣ ಗೂಡ್ಸ್ ಗಾಡಿಯಲ್ಲಿ ಮಿಲ್ಲಿನ ಹಮಾಲರಿಗೆ ಊಟ ಸಾಗಿಸುತ್ತಿದ್ದವಳು. ಅದರ ಲೈಸೆನ್ಸ್ ಇತ್ತು. ಆ ಗಾಡಿಯ ಕ್ಲಚ್ಚು ಬೆರಳಿಗೂ ಬಗ್ಗೀತು, ನನ್ನದು ಬೇರೆ ಜಾತಿ. ಆಳು ಗಿಡ್ಡ. ಬೆನ್ನ ಹಿಂದೆ ಗೋಣಿಚೀಲ ಮಡಿಚಿಟ್ಟುಕೊಂಡರೆ ಮಾತ್ರ ಕಾಲು ಪೆಡಲಿಗೆ ಎಟುಕುತ್ತಿತ್ತು. ಬಯಲಲ್ಲಿದ್ದ ಹುಡುಗರು ಮುಸಿಮುಸಿ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಮೂವತ್ತು ದಿನದಲ್ಲಿ ನಗು ನಿಂತಿತು. ಸ್ಟೇರಿಂಗ್ ಅವಳ ಕೈಯಲ್ಲಿ ನೀರಿನಂತೆ ತಿರುಗುತ್ತಿತ್ತು. ರಿವರ್ಸ್ ಹೋಗುವಾಗ ನನ್ನ ಹಿಂದಿನ ಗಾಲಿ ಎಲ್ಲಿದೆಯೆಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಉಸ್ತಾದ್ ಊರೆಲ್ಲ ಅವಳನ್ನು ಹೊಗಳಿದ. ಪರೀಕ್ಷೆಯ ದಿನ ಬ್ರೇಕ್ ಇನ್ಸ್‌ಪೆಕ್ಟರು ಎಡಗಡೆ ಹತ್ತಿ ಕುಳಿತರು. ಕಾಲನ್ನು ಪೆಡಲಿನಿಂದ ದೂರ ಚಾಚಿದರು. ಉಸ್ತಾದ್ ಕೆಳಗೆ ನಿಂತ.

ಏರಿನ ನಡುವೆ ಗಾಡಿ ನಿಲ್ಲಿಸಿ ಮತ್ತೆ ಹತ್ತಿಸಬೇಕಿತ್ತು. ಹುಲಿಗೆಮ್ಮ ತುಳಿದಳು. ಕ್ಲಚ್ಚು ಅರ್ಧಕ್ಕೆ ನಿಂತಿತು. ಗೇರು ಕಿರ್ ಎಂದಿತು, ನಾನು ಗಕ್ಕನೆ ಆಫ್ ಆದೆ. ಮೂರು ಸಲ ಹಾಗೇ ಆಯಿತು. "ಮುಂದಿನ ವಾರ ಬಾಮ್ಮ" ಎಂದು ಇನ್ಸ್‌ಪೆಕ್ಟರು ಇಳಿದು ಹೋದರು. ದೀಪಾವಳಿಗೆ ಉಳಿದದ್ದು ಹತ್ತೇ ದಿನ. ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಆಫ್ ಆದದ್ದು ನಾನಲ್ಲವೇ, ತಪ್ಪು ನನ್ನದೂ ಹೌದು.

ಮರುದಿನ ಅವಳು ಉಸ್ತಾದನನ್ನು ಎಡಗಡೆ ಕೂರಿಸಿಕೊಂಡು ಬಯಲಿನಲ್ಲಿ ಓಡಿಸುವಾಗ ಯಮನೂರಪ್ಪ ಬೇವಿನ ಮರದ ಕೆಳಗೆ ಕುಳಿತು ಸುಮ್ಮನೆ ಕೇಳಿಸಿಕೊಂಡ. ಎರಡು ಸುತ್ತು ಮುಗಿದ ಮೇಲೆ ಕೈಯೆತ್ತಿ ನಿಲ್ಲಿಸಿದ.

"ಉಸ್ತಾದ್, ಗಾಡಿ ಓಡಿಸಾಕತ್ತಿದ್ದು ಯಾರು?"

"ನಿನ್ನ ಹೇಣ್ತಿನ ಅಲ್ಲೇನೋ!"

"ಕೈ ಆಕಿದು, ಕಾಲು ನಿಮ್ದು. ನಾಲ್ಕು ವರ್ಷ ಬಾಜೂಕ ಕುಂತು ಕೇಳೀನಿ. ಮೊದ್ಲು ಅರ್ಧ ಒತ್ತತೀರಿ, ಆಮ್ಯಾಲ ಪೂರಾ. ಈ ಗಾಡಿ ಹಿಂಗ ಕೆಮ್ಮೋದು ನಿಮ್ಮ ಕಾಲಿಗೆ ಮಾತ್ರ."

ಉಸ್ತಾದನ ಮುಖ ಕೆಂಪಾಯಿತು. "ನಾ ಯಾಕ ಒತ್ತಲೋ? ಸುಮ್ನ ಕಾಲು ಇಟ್ಟಿರ್ತೀನಿ ಅಷ್ಟ" ಎಂದ. ಹಾಗೆನ್ನುತ್ತ ಕೆಳಗೆ ನೋಡಿಕೊಂಡ. ಗಾಡಿ ನಿಂತಿದ್ದರೂ ಕ್ಲಚ್ಚು ಅವನ ಕಾಲಡಿಯಲ್ಲಿ ನೆಲಕ್ಕೆ ಅಂಟಿತ್ತು. ಕಣ್ಣಿಲ್ಲದವನು ಕಂಡದ್ದನ್ನು ಇಷ್ಟು ವರ್ಷ ಇಷ್ಟು ಜನ ಕಂಡಿರಲಿಲ್ಲವಲ್ಲ! ನನಗೆ ಹಾರ್ನ್ ಹೊಡೆದು ಕುಣಿಯಬೇಕೆನಿಸಿತು.

ಹುಲಿಗೆಮ್ಮ ಉಸ್ತಾದನ ಕಡೆ ತಿರುಗಿದಳು. "ಉಸ್ತಾದ್ರ, ಕಾಲು ಮ್ಯಾಲ ತಗೋರಿ. ಸೀಟಿನ ಮ್ಯಾಲ ಚಕ್ಕಳಮಕ್ಕಳ ಹಾಕ್ಕೊಂಡು ಕುಂದರ್ರಿ."

"ಊಟಕ್ಕ ಕುಂತಂಗ ಕುಂದರ್ಲೇನು? ಗಾಡಿ ಕಾಲುವಿಗಿ ಬಿದ್ರ?"

"ಬಿದ್ರ ಇಬ್ರೂ ಬೀಳೋಣು. ಕಾಲು ಮ್ಯಾಲ."

ಅರವತ್ತು ದಾಟಿದ ಉಸ್ತಾದ್ ಕಾಲು ಮಡಿಚಿ, ಕೈಬ್ರೇಕು ಬಿಗಿಯಾಗಿ ಹಿಡಿದು, ದೇವರ ಹೆಸರು ಹೇಳುತ್ತ ಕುಳಿತ. ಅವತ್ತು ನಾನು ಹದಿನೇಳು ಸಲ ಆಫ್ ಆದೆ. ಮರುದಿನ ಹನ್ನೊಂದು ಸಲ. ನನ್ನ ಪ್ಲೇಟು ಸುಟ್ಟ ವಾಸನೆ ಬಂದಾಗ ಉಸ್ತಾದನ ಕಾಲು ಎರಡು ಸಲ ಕೆಳಗಿಳಿಯಿತು, ಎರಡು ಸಲವೂ ಅವಳು ಗದರಿದಳು. ಮೂರನೆಯ ದಿನ ಅವಳು ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಬಂದಳು. ಇಡೀ ಮೈಯ ಭಾರ ಒಂದು ಹಿಮ್ಮಡಿಗೆ ತಂದು ಒಂದೇ ಸಲಕ್ಕೆ ತುಳಿದಳು. ಅರ್ಧವಿಲ್ಲ, ತಡೆಯಿಲ್ಲ, ಕೆಮ್ಮಲು ಪುರಸೊತ್ತೇ ಕೊಡಲಿಲ್ಲ. ಇದು ಯಾವ ಉಸ್ತಾದನೂ ಕಲಿಸಿದ ರೀತಿಯಲ್ಲ, ಅವಳದೇ. ನನ್ನ ಹಠ ಮುರಿದದ್ದು ಅವತ್ತು. ಮುರಿದದ್ದಕ್ಕೆ ಬೇಜಾರಾಗಲಿಲ್ಲ, ಅದೇ ಸೋಜಿಗ.

ಎಂಟನೆಯ ದಿನ ಮತ್ತೆ ಅದೇ ಏರು, ಅದೇ ಇನ್ಸ್‌ಪೆಕ್ಟರು. ನಡುವೆ ನಿಲ್ಲಿಸು ಎಂದರು, ನಿಲ್ಲಿಸಿದಳು. ಹತ್ತಿಸು ಎಂದರು. ಒಂದೇ ತುಳಿತ. ನಾನು ಒಂದು ಗೇಣೂ ಹಿಂದೆ ಜಾರದೆ ಏರು ಹತ್ತಿದೆ. ಎಂಟರ ಆಕಾರದ ದಾರಿ, ರಿವರ್ಸು, ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿಯಿತು.

"ಏನಮ್ಮ, ಹೋದ ವಾರ ಬಂದಿದ್ದವಳು ನೀನೇನಾ?"

"ಹೋದ ವಾರ ಅರ್ಧ ಬಂದಿದ್ನಿ ಸರ್. ಇವತ್ತ ಪೂರಾ ಬಂದೀನಿ."

ಇನ್ಸ್‌ಪೆಕ್ಟರು ನಗುತ್ತ ಸಹಿ ಹಾಕಿದರು. ಉಸ್ತಾದ್ ಆರ್‌ಟಿಒ ಮೈದಾನದಲ್ಲೇ ಪೇಡೆ ಹಂಚಿದ. ಯಮನೂರಪ್ಪ ತಡಕಾಡಿಕೊಂಡು ಬಂದು ಹೆಂಡತಿಯ ಎರಡೂ ಕೈ ಹಿಡಿದು ನಿಂತ. ದೀಪಾವಳಿ ಕಳೆದು ಸಿಂಧನೂರಿನವನು ಬಂದಾಗ ಅವರ ಮನೆಯ ಮುಂದೆ ಬರೀ ಎಣ್ಣೆಯ ಕಲೆಯಿತ್ತು. "ಲಾರಿ ಡ್ಯೂಟಿಗೆ ಹೋಗೈತಿ, ಚಾ ಕುಡದು ಹೋಗ್ರಿ" ಎಂದನಂತೆ ಯಮನೂರಪ್ಪ. ಇದನ್ನು ಅವನು ಉಸ್ತಾದನಿಗೆ ಹೇಳುವಾಗ ನನ್ನ ಬಾನೆಟ್ಟಿಗೆ ಒರಗಿ ನಿಂತಿದ್ದ, ನಗುವಿಗೆ ಅವನ ಜೊತೆ ನಾನೂ ಅಲುಗಾಡಿದೆ.

ಉಸ್ತಾದ್ ಎಡಗಡೆ ಬ್ರೇಕನ್ನಷ್ಟೇ ಉಳಿಸಿ, ಕ್ಲಚ್ಚನ್ನು ಬಿಚ್ಚಿಸಿ ಎಸೆದ. ಆಮೇಲೆ ಬಂದವರು ಬೆವತರು, ಬೈದರು, ನನ್ನನ್ನು ದಿನಕ್ಕೆ ನೂರು ಸಲ ಆಫ್ ಮಾಡಿದರು. ಆದರೆ ಕಲಿತು ಹೋದರು. ಅವರಲ್ಲಿ ಒಂಬತ್ತು ಮಂದಿ ಹೆಂಗಸರು.

ಈಗ ನನಗೆ ವಯಸ್ಸಾಗಿದೆ. ಈ ವರ್ಷ ಫಿಟ್ನೆಸ್ ಸರ್ಟಿಫಿಕೇಟು ಸಿಗಲಿಲ್ಲ. ಗುಜರಿಗೆ ಒಯ್ಯುವ ದಿನ ಉಸ್ತಾದ್ ಕೀಲಿಯನ್ನು ಕೈಯಲ್ಲೇ ಹಿಡಿದು ಒಂದು ಗಂಟೆ ಕುಳಿತಿದ್ದ, ಹತ್ತಲು ಮನಸ್ಸು ಬರಲಿಲ್ಲ. ಕೊನೆಗೆ ಹುಲಿಗೆಮ್ಮನಿಗೆ ಫೋನು ಮಾಡಿದ. ಅವಳು ಮಿಲ್ಲಿನಲ್ಲಿ ಲೋಡು ಇಳಿಸಿ ಖಾಕಿ ಅಂಗಿಯಲ್ಲೇ ಬಂದಳು. ಉಸ್ತಾದ್ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದ.

ಗುಜರಿಯ ಬಾಗಿಲಿನಲ್ಲಿ ದೊಡ್ಡ ಏರು. ಮುರಿದ ಲಾರಿಗಳನ್ನು ಬೇರೆ ಗಾಡಿಗೆ ಕಟ್ಟಿ ಎಳೆದು ತರುವ ಜಾಗ ಅದು. ನಾನು ನನ್ನ ಗಾಲಿಯ ಮೇಲೆಯೇ ಹತ್ತಿದೆ. ಅಲ್ಲಿದ್ದವರು ಕೆಲಸ ಬಿಟ್ಟು ಎದ್ದು ನಿಂತು ನೋಡಿದರು. ಅವಳು ನನ್ನನ್ನು ಸಾಲಿನಲ್ಲಿ ನೇರವಾಗಿ ನಿಲ್ಲಿಸಿ, ಗೇರು ತೆಗೆದು, ಕೈಬ್ರೇಕು ಎಳೆದು, ಕೀಲಿ ತಿರುಗಿಸಿದಳು. ಕಲಿಯುವವರ ಕಾಲಡಿ ನಾನು ಸಾವಿರಾರು ಸಲ ಆಫ್ ಆಗಿದ್ದೇನೆ. ಈ ಸಲ ನಾನು ಆಫ್ ಆಗಲಿಲ್ಲ. ಡ್ರೈವರ್ ನನ್ನನ್ನು ನಿಲ್ಲಿಸಿದಳು.