ದುಡ್ಡು ಇಡುವ ಮನೆಯ ಜಂತೆ

ಬಾಳೆಹೊನ್ನೂರಿನ ಪೇಟೆಬೀದಿಯಲ್ಲಿ ಸೋಮಶೇಖರಪ್ಪನ ಕಾಳುಮೆಣಸಿನ ಅಂಗಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಸದಾ ಒಂದು ಚೊಂಬು ನೀರು ಇರುತ್ತದೆ. ಕುಡಿಯುವುದಕ್ಕಲ್ಲ. ಯಾರೇ ಮೆಣಸು ತರಲಿ, ಸೋಮಶೇಖರಪ್ಪ ಚೀಲದ ತಳದವರೆಗೂ ಕೈ ಇಳಿಸಿ ಒಂದು ಹಿಡಿ ತೆಗೆದು ಆ ನೀರಿಗೆ ಸುರಿಯುತ್ತಾನೆ. ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. "ಮೊದಲು ಚೊಂಬು, ಆಮೇಲೆ ತಕ್ಕಡಿ" ಎನ್ನುವುದು ಅವನ ಅಪ್ಪನ ಕಾಲದಿಂದ ಬಂದ ಮಾತು.

ಇಷ್ಟು ಹುಷಾರಿನ ಮನುಷ್ಯನೂ ಒಮ್ಮೆ ಜಾರಿದ. ಜಾರಿದ ಎನ್ನುವುದಕ್ಕಿಂತ, ಜಾರುವವನಿದ್ದ.

ಅಂಗಡಿ ಅವನ ಸ್ವಂತದ್ದಲ್ಲ, ಬಾಡಿಗೆಯದು. 2006ರಲ್ಲಿ ಕಟ್ಟಡದ ಯಜಮಾನ ಧರ್ಮಪ್ಪ ಕರೆದು ಹೇಳಿದ: "ನನಗೆ ವಯಸ್ಸಾಯ್ತು ಮಾರಾಯ. ಇದನ್ನ ಮಾರಿಬಿಡ್ತೀನಿ. ಇಷ್ಟು ವರ್ಷ ದೀಪ ಹಚ್ಚಿದೋನು ನೀನು, ಬೇರೆಯವರಿಗೆ ಕೊಡೋಕೆ ಮನಸ್ಸು ಬರಲ್ಲ. ಮುಂದಿನ ದೀಪಾವಳಿವರೆಗೆ ಕಾಯ್ತೀನಿ."

ಸೋಮಶೇಖರಪ್ಪನ ಹೆಂಡತಿ ನೀಲಾಂಬಿಕೆಗೆ ಆಗಷ್ಟೇ ತವರಿನ ಪಾಲಿನ ಹಣ ಬಂದಿತ್ತು. ಅದನ್ನು ಸೇರಿಸಿದರೂ ಕಟ್ಟಡದ ಬೆಲೆಗೆ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಒಂದು ವರ್ಷ ಒಳ್ಳೆಯ ಬಡ್ಡಿ ಸಿಕ್ಕರೆ ಸರಿಹೋಗುತ್ತದೆ ಎಂದು ಗಂಡ ಹೆಂಡತಿ ಲೆಕ್ಕ ಹಾಕಿದರು. ಅಂಥ ಹೊತ್ತಿಗೇ ಸರಿಯಾಗಿ ಅಡ್ಡಗದ್ದೆಯ ಗೋವಿಂದ ಬಂದ. ಅವನು 'ಸೌಧಸಿರಿ' ಎಂಬ ಕಂಪನಿಯ ಏಜೆಂಟ್. ಮನೆ ಕಟ್ಟುವವರಿಗೆ ಸಾಲ ಕೊಡುವ ಕಂಪನಿ ಅದು. ಸಾಲ ಕೊಡಲು ಬೇಕಾದ ಹಣವನ್ನು ಜನರಿಂದ ಠೇವಣಿಯಾಗಿ ಎತ್ತುತ್ತಿತ್ತು. ಬಡ್ಡಿ ಎಲ್ಲರಿಗಿಂತ ಜಾಸ್ತಿ.

"ಭಾನುವಾರ ಶೃಂಗೇರಿಯ ಲಾಡ್ಜಲ್ಲಿ ನಮ್ಮ ಎಂ.ಡಿ. ಸಾಹೇಬ್ರು ಊಟ ಇಟ್ಟುಕೊಂಡಿದಾರೆ ಸೋಮಣ್ಣ, ನೀವು ಬರಲೇಬೇಕು" ಎಂದ ಗೋವಿಂದ.

ಸೋಮಶೇಖರಪ್ಪ ಹೋದ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅವನ ಮುಖವೇ ಬೇರೆಯಾಗಿತ್ತು.

"ಎಂಥ ಮನುಷ್ಯ ಅಂತೀಯ ನೀಲಾ! ಅಷ್ಟು ದೊಡ್ಡ ಕಂಪನಿ ಯಜಮಾನ, ಪಂಚೆ ಎತ್ತಿಕಟ್ಟಿ ತಾನೇ ಹೋಳಿಗೆ ಬಡಿಸಿದ. ನನ್ನ ಎಲೆ ಮುಂದೆ ನಿಂತು, 'ಇನ್ನೊಂದು ಹಾಕಿಸಿಕೊಳ್ಳಿ' ಅಂತ ಒತ್ತಾಯ ಮಾಡಿ ತುಪ್ಪ ಬಿಟ್ಟ."

"ಹೋಳಿಗೆ ಚೆನ್ನಾಗಿರಬಹುದು. ಕಂಪನಿ ಹೆಂಗಿದೆ?"

"ಹಂಗಂದ್ರೆ?"

"ಅವರು ಕೊಟ್ಟ ಸಾಲ ವಾಪಸು ಬರ್ತಾ ಇದ್ಯಾ? ಅದನ್ನ ನಡೆಸೋರು ಯಾರು? ಕೇಳಿದ್ರಾ?"

ಸೋಮಶೇಖರಪ್ಪನಿಗೆ ಸಿಟ್ಟೇ ಬಂತು. "ಅವರ ಎಲೇಲಿ ಉಂಡು, ಕೈ ತೊಳೆದು, ಅವರದ್ದೇ ಲೆಕ್ಕ ಕೇಳೋದಾ? ಉಂಡ ಮನೆ ಜಂತೆ ಎಣಿಸಬಾರದು ಕಣೆ. ನಮ್ಮ ಕಡೆ ಅದು ಮರ್ಯಾದೆ ಅಲ್ಲ."

ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಉಂಡ ಮನೆಯ ಹುಳುಕು ಹುಡುಕುವುದಕ್ಕಿಂತ ಕೀಳು ಬುದ್ಧಿ ಇನ್ನೊಂದಿಲ್ಲ ಎಂದು ನಂಬಿ ಬದುಕುವ ಜನ ಇವರು. ಕೇಳಲು ನಾಚಿಕೆಪಟ್ಟೇ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ. ನೀಲಾಂಬಿಕೆ ಜಗಳ ಆಡಲಿಲ್ಲ. ಆದರೆ ತವರಿನ ಹಣ ಅವಳ ಹೆಸರಿನಲ್ಲಿತ್ತು. ಗೋವಿಂದ ಕೊಟ್ಟಿದ್ದ ಠೇವಣಿ ಅರ್ಜಿಗೆ ಅವಳು ಸಹಿಯನ್ನೂ ಹಾಕಲಿಲ್ಲ.

ಆ ವಾರವೇ ಕೊಪ್ಪದಿಂದ ಹಳೆಯ ಗೆಳೆಯ ಶ್ರೀನಿವಾಸ ತನ್ನ ತೋಟದ ಎರಡು ಚೀಲ ಮೆಣಸು ತಂದ. ಇಬ್ಬರೂ ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಶ್ರೀನಿವಾಸ ಬ್ಯಾಂಕಿನಲ್ಲಿ ಮನೆಸಾಲದ ವಿಭಾಗ ನೋಡಿಕೊಂಡು ನಿವೃತ್ತನಾದವನು. ಸೋಮಶೇಖರಪ್ಪ ಅವನಿಗೆ ಹೋಳಿಗೆಯ ಕಥೆ ಹೇಳುತ್ತಾ, ಹೇಳುತ್ತಲೇ ಚೀಲದ ತಳಕ್ಕೆ ಕೈ ಇಳಿಸಿ, ಒಂದು ಹಿಡಿ ಮೆಣಸು ತೆಗೆದು ಚೊಂಬಿಗೆ ಸುರಿದ.

ಬಾಗಿಲ ಹತ್ತಿರ ಕೂತಿದ್ದ ನೀಲಾಂಬಿಕೆ ಕೇಳಿದಳು, "ರೀ, ಶ್ರೀನಿವಾಸಣ್ಣನ ಮನೇಲಿ ನೀವು ಎಷ್ಟು ಸಲ ಉಂಡಿದೀರಿ?"

"ಅದಕ್ಕೆ ಲೆಕ್ಕ ಇಟ್ಟೋರು ಯಾರು? ಅವನ ಅಮ್ಮನ ಕೈ ಅನ್ನ ತಿಂದೇ ಬೆಳೆದೋನು ನಾನು."

"ಮತ್ತೆ ಅವರ ಮೆಣಸು ಯಾಕೆ ನೀರಿಗೆ ಹಾಕಿದ್ರಿ?"

ಸೋಮಶೇಖರಪ್ಪನ ಕೈ ಚೊಂಬಿನ ಮೇಲೆಯೇ ನಿಂತಿತು.

ಶ್ರೀನಿವಾಸ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಕ್ಲಿ ತಂಗಿ, ಬೇಜಾರು ಎಂಥದು? ಗಟ್ಟಿ ಮೆಣಸು ತಂದೋನಿಗೆ ಚೊಂಬು ಕಂಡರೆ ಹೆದರಿಕೆ ಇಲ್ಲ."

"ಅದನ್ನೇ ನಾನೂ ಹೇಳೋದು ಅಣ್ಣ. ಉಂಡ ಮನೆ ಜಂತೆ ಎಣಿಸಬಾರದು, ಒಪ್ಪಿದೆ. ಆದರೆ ದುಡ್ಡು ಇಡೋ ಮನೆ ಜಂತೆ ಎಣಿಸಬೇಕಲ್ಲ? ಅದು ತಲೆ ಮೇಲೆ ಬಿದ್ರೆ ಹೋಳಿಗೆ ಬಡಿಸಿದೋರು ಬಂದು ಎತ್ತುತಾರಾ?"

ಸೋಮಶೇಖರಪ್ಪ ಕೈ ಒರೆಸಿಕೊಂಡು ಶ್ರೀನಿವಾಸನ ಕಡೆ ತಿರುಗಿ, "ಆಯ್ತು ಮಾರಾಯ, ಕೇಳಾಣ. ಆದ್ರೆ ಕಂಪನೀನ ಚೊಂಬಿಗೆ ಹಾಕೋದು ಹೆಂಗೆ?" ಎಂದ.

"ಪ್ರತಿ ವರ್ಷ ಕಂಪನಿ ಒಂದು ವರದಿ ಅಚ್ಚು ಹಾಕಿಸುತ್ತೆ. ಅದನ್ನ ತರ್ಸು" ಎಂದ ಶ್ರೀನಿವಾಸ.

ಗೋವಿಂದನ ಹತ್ತಿರ ವರದಿ ಕೇಳುವಾಗ ಸೋಮಶೇಖರಪ್ಪನ ಕಿವಿ ಬಿಸಿಯಾಯಿತು. ಗೋವಿಂದನೇನೂ ಮುನಿಯಲಿಲ್ಲ. "ಇದುವರೆಗೆ ಯಾರೂ ಕೇಳಿರಲಿಲ್ಲ ಸೋಮಣ್ಣ" ಎಂದು ತಲೆ ಕೆರೆದುಕೊಂಡು ಹೋದ. ಮುಂದಿನ ವಾರ ವರದಿ ತಂದುಕೊಟ್ಟು, ತಾನೂ ಬೆಂಚಿನ ಮೇಲೆ ಕೂತ.

ಅದಕ್ಕೆಂದೇ ಕೊಪ್ಪದಿಂದ ಬಂದಿದ್ದ ಶ್ರೀನಿವಾಸ ಚಂದದ ಫೋಟೋಗಳ ಹಾಳೆಗಳನ್ನೆಲ್ಲ ದಾಟಿ ಹಿಂದಿನ ಪುಟಗಳಿಗೆ ಹೋದ. "ಚೀಲದ ತಳ ಇರೋದು ಇಲ್ಲಿ" ಎಂದ. "ಮೊದಲು ನಡೆಸೋರು ಯಾರು ನೋಡು. ಹಣಕಾಸು ನೋಡಿಕೊಳ್ಳೋ ಅಧಿಕಾರಿ ಎರಡು ವರ್ಷಕ್ಕೆ ಮೂರನೆಯವರು. ಆಡಿಟರೂ ಬದಲಾಗಿದಾರೆ. ನಿನ್ನ ಅಂಗಡೀಲಿ ಲೆಕ್ಕ ಬರೆಯೋನು ಹಿಂಗೆ ಬಿಟ್ಟು ಹೋಗ್ತಾ ಇದ್ರೆ ಊರಿನವರು ಏನಂತಾರೆ?"

"ಯಜಮಾನನ ಲೆಕ್ಕದಲ್ಲೇ ಏನೋ ಹುಳುಕಿದೆ ಅಂತಾರೆ."

"ಹಂಗೇ. ಇನ್ನು ಸಾಲ ಯಾರಿಗೆ ಕೊಟ್ಟಿದಾರೆ? ಬಡವರ ಮನೆಗೆ ಅಂತ ಮುಂದೆ ಬರೆದಿದೆ. ಹಿಂದೆ ನೋಡಿದ್ರೆ ದೊಡ್ಡ ಪಾಲು ಒಬ್ಬನೇ ಬಿಲ್ಡರಿಗೆ ಹೋಗಿದೆ. ಅವನು ಯಾರು? ಎಂ.ಡಿ.ಯ ಭಾವಮೈದ ಅಂತ ಇಲ್ಲೇ ಕೆಳಗೆ ಬರೆದಿದೆ."

ನೀಲಾಂಬಿಕೆ ತುಟಿ ಕಚ್ಚಿಕೊಂಡಳು.

"ಆದ್ರೆ ವಸೂಲಾಗದ ಸಾಲ ಬಹಳ ಕಮ್ಮಿ ಅಂತ ಸಾಹೇಬ್ರು ಹೇಳ್ತಾರಲ್ಲ?" ಎಂದ ಗೋವಿಂದ.

"ಕಮ್ಮೀನೇ. ಯಾಕಂದ್ರೆ ಸಾಲಗಳಲ್ಲಿ ಮುಕ್ಕಾಲು ಪಾಲು ಹೋದ ವರ್ಷ ಕೊಟ್ಟದ್ದು. ಹೊಸ ಸಾಲ ಮೊದಲ ವರ್ಷ ಎಲ್ಲಿ ಕೆಡುತ್ತೆ?"

ಇದನ್ನು ಸೋಮಶೇಖರಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಸರಿಯಾಗಿ ಒಣಗಿಸದ ಮೆಣಸು!" ಎಂದು ಎದ್ದೇ ನಿಂತ. "ಇವತ್ತು ತೂಕ ಚೆನ್ನಾಗಿ ಬರುತ್ತೆ. ಮಳೆಗಾಲ ಕಳೀಲಿ, ಚೀಲ ಬಿಚ್ಚಿದ್ರೆ ಬೂಸಲು!"

"ನನಗಿಂತ ಚೆನ್ನಾಗಿ ಹೇಳಿದೆ ನೀನು. ಇನ್ನೊಂದು ಉಂಟು. ಜನರಿಂದ ಒಂದು ವರ್ಷಕ್ಕೆ ದುಡ್ಡು ತರ್ತಾರೆ, ಇಪ್ಪತ್ತು ವರ್ಷಕ್ಕೆ ಸಾಲ ಕೊಡ್ತಾರೆ. ಹೊಸಬರು ದುಡ್ಡು ಹಾಕ್ತಾ ಇದ್ರೆ ಹಳಬರಿಗೆ ಕೊಡಬಹುದು. ಹೊಸಬರು ನಿಂತರೆ? ಕಷ್ಟಕ್ಕೆ ಆಗೋ ಅಷ್ಟು ಸ್ವಂತ ಬಂಡವಾಳಾನೂ ಇಲ್ಲಿ ಕಾಣೆ. ಅದಕ್ಕೇ ಬಡ್ಡಿ ಜಾಸ್ತಿ ಮಾರಾಯ. ಕಡಿಮೆಗೆ ಅವರಿಗೆ ಯಾರೂ ಕೊಡ್ತಾ ಇಲ್ಲ."

"ಹಂಗಾದ್ರೆ ಮನೆಸಾಲದ ಕಂಪನಿಗಳೆಲ್ಲ ಹಿಂಗೇನಾ ಅಣ್ಣ?" ಎಂದು ನೀಲಾಂಬಿಕೆ ಕೇಳಿದಳು.

"ಛೆ, ಇಲ್ಲ ತಂಗಿ. ನನ್ನ ತಂಗಿ ಮನೆ ಆಗಿದ್ದೇ ಅಂಥ ಒಂದು ಕಂಪನಿ ಸಾಲದಲ್ಲಿ. ಹತ್ತಾರು ವರ್ಷದಿಂದ ಅದೇ ಜನ ನಿಯತ್ತಾಗಿ ನಡೆಸ್ತಾ ಬಂದ ಕಂಪನಿಗಳು ಇವೆ. ಬಡ್ಡಿ ಸ್ವಲ್ಪ ಕಮ್ಮಿ, ನಿದ್ದೆ ಪೂರ್ತಿ."

ಗೋವಿಂದನ ಮುಖ ಬಿಳಿಚಿಕೊಂಡಿತ್ತು. ಸೋಮಶೇಖರಪ್ಪ ಭುಜ ಮುಟ್ಟಿ, "ಏನಾಯ್ತೋ?" ಎಂದಾಗ ಹುಡುಗನ ಕಣ್ಣು ತುಂಬಿತು.

"ಅಮ್ಮನ ದುಡ್ಡು ಅದರಲ್ಲೇ ಉಂಟು ಸೋಮಣ್ಣ. ನನ್ನ ಮೊದಲ ಗಿರಾಕಿ ಅಮ್ಮನೇ. ಮಗ ಹೇಳಿದ ಅಂತ ಕಣ್ಣು ಮುಚ್ಚಿ ಕೊಟ್ಟಳು."

ಪಾಪ, ಅವನು ಮೋಸಗಾರನಲ್ಲ. ತನಗೆ ಹೇಳಿದ್ದನ್ನು ನಂಬಿ ಇನ್ನೊಬ್ಬರಿಗೆ ಹೇಳಿದವನು. ಸೋಮಶೇಖರಪ್ಪನಿಗೆ ತನ್ನ ಚಿಂತೆ ಮರೆತು ಅವನ ಚಿಂತೆ ಹತ್ತಿತು. "ಇನ್ನೂ ಕಾಲ ಮಿಂಚಿಲ್ಲ ಕಣೋ. ಬಡ್ಡಿ ಹೋದರೆ ಹೋಗಲಿ, ಅಸಲು ಬಿಡಿಸು. ನೀನು ಮಾತು ಹೇಳಿದ ಮನೆಗಳಿಗೂ ಹೋಗಿ ಇದನ್ನೇ ಹೇಳು" ಎಂದ. ಗೋವಿಂದ ಅವನ ಮಾತಿನಂತೆಯೇ ಮಾಡಿದ. ಅವನ ತಾಯಿ ಶೇಷಮ್ಮನಿಗೆ ಬಡ್ಡಿ ಸಿಗಲಿಲ್ಲ, ಅಸಲು ಕೈಗೆ ಬಂತು. ಕೆಲವರು ಅವನ ಮಾತು ಕೇಳಿದರು. ಕೆಲವರು, "ಮೊನ್ನೆ ಹಾಕು ಅಂದೆ, ಇವತ್ತು ತೆಗಿ ಅಂತೀಯ" ಎಂದು ಬೈದು ಕಳಿಸಿದರು.

ನೀಲಾಂಬಿಕೆಯ ಹಣ ಬ್ಯಾಂಕಿನಲ್ಲಿ ಕೂತಿತು. ಬಡ್ಡಿ ಕಮ್ಮಿ ಬಂತು. ದೀಪಾವಳಿಗೆ ಸ್ವಲ್ಪ ಸಾಲದೇ ಹೋಯಿತು. ಸೋಮಶೇಖರಪ್ಪ ಧರ್ಮಪ್ಪನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ, "ಉಳಿದದ್ದು ಮೆಣಸಿನ ಕೊಯ್ಲು ಆದಮೇಲೆ ಕೊಡು" ಎಂದು ಅವನು ಕ್ರಯಪತ್ರಕ್ಕೆ ಒಪ್ಪಿದ. ಅಂಗಡಿ ನೀಲಾಂಬಿಕೆಯ ಹೆಸರಿಗೆ ಆಯಿತು. ಮರುವರ್ಷ ಸೌಧಸಿರಿ, ಠೇವಣಿ ಇಟ್ಟವರಿಗೆ "ಸ್ವಲ್ಪ ಕಾಯಿರಿ" ಎಂದು ಕಾಗದ ಕಳಿಸಿತು. ಬೈದು ಕಳಿಸಿದ್ದ ಆ ಮನೆಗಳವರು ಇನ್ನೂ ಕಾಯುತ್ತಿದ್ದಾರೆ.

ಅಂಗಡಿ ಸ್ವಂತದ್ದಾದ ಮೇಲೆ ಮಾಡಿದ ಪೂಜೆಯ ದಿನ ಊಟಕ್ಕೆ ಶ್ರೀನಿವಾಸ, ಗೋವಿಂದ, ಶೇಷಮ್ಮ ಎಲ್ಲ ಬಂದಿದ್ದರು. ಸೋಮಶೇಖರಪ್ಪ ತಾನೇ ಹೋಳಿಗೆ ಬಡಿಸಿದ. ಊಟ ಮುಗಿಸಿ ಎದ್ದ ಗೋವಿಂದನ ಕಣ್ಣು ಅಪ್ಪಿತಪ್ಪಿ ಮೇಲೆ ಮಾಡಿನ ಕಡೆ ಹೋಯಿತು, ತಕ್ಷಣ ನಾಚಿ ತಲೆ ತಗ್ಗಿಸಿದ.

"ನೋಡೋ, ನೋಡು!" ಎಂದ ಸೋಮಶೇಖರಪ್ಪ. "ಉಂಡಾಯ್ತಲ್ಲ? ಈಗ ಜಂತೆ ಎಣಿಸು. ಒಂದು ಹುಳ ಹಿಡಿದಿದ್ರೂ ಹೇಳು. ಬೇಜಾರು ಮಾಡಲ್ಲ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆಸಾಲದ ಕಂಪನಿಯಲ್ಲಿ ಠೇವಣಿ ಇಡಿ, ಷೇರು ಕೊಳ್ಳಿ, ಅದು ನಿಮ್ಮಿಷ್ಟ. ಆದರೆ ಮೊದಲು ಕೇಳಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದೆಯೇ, ನಡೆಸುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ, ಸಾಲ ಸ್ವಂತ ನೆಂಟರಿಗೆ ಹೋಗುತ್ತಿದೆಯೇ, ಕೊಟ್ಟ ಸಾಲ ತಿರುಗಿ ಬರುತ್ತಿದೆಯೇ ಎಂದು ವಿಚಾರಿಸಿ. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇಂಥ ಕಂಪನಿಯ ಠೇವಣಿಗೆ ಇಲ್ಲ ಎನ್ನುವುದು ನೆನಪಿರಲಿ. ವರದಿ ಓದಲು ಬಾರದಿದ್ದರೆ ತಿಳಿದವರ ಹತ್ತಿರ ಓದಿಸಿ, ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಎಲ್ಲರೂ ಕೂತು ಓದಿಸಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಂಪನಿಗೆ ದೂರದಿಂದಲೇ ನಮಸ್ಕಾರ ಹೇಳಿ ಬನ್ನಿ.

ಹೋಳಿಗೆ ಕೊಟ್ಟರೆ ತಿನ್ನಿ, ತಪ್ಪೇನಿಲ್ಲ. ದುಡ್ಡು ಕೊಡುವ ಮೊದಲು ಮಾತ್ರ ಚೊಂಬಿಗೆ ನೀರು ತುಂಬಿಸಿಕೊಂಡು ಕೂತುಕೊಳ್ಳಿ.